ಎಂಟು ವರ್ಷದ ಒಪ್ಪಂದ: ಎನ್‌ಎಚ್‌ಎಲ್ ತಂಡಕ್ಕೆ ಆಸ್ತಿಯೋ, ಸಾಲವೋ?

ಉತ್ತರ ಅಮೆರಿಕದಲ್ಲಿ ಹಾಕಿ ಅಂದರೆ ಐಸ್ ಹಾಕಿ, ಅದರ ದೊಡ್ಡ ಕಣ ನ್ಯಾಷನಲ್ ಹಾಕಿ ಲೀಗ್. ಸಂಬಳದ ಜಗಳದಲ್ಲಿ 2004-05ರ ಋತು ಪೂರ್ತಿ ರದ್ದಾದ ಮೇಲೆ ಅಲ್ಲಿ ಸ್ಯಾಲರಿ ಕ್ಯಾಪ್ ಬಂತು. ಒಂದು ತಂಡ ಆಟಗಾರರಿಗೆ ಖರ್ಚು ಮಾಡಬಹುದಾದ ಗರಿಷ್ಠ ಮೊತ್ತ ಅದು. ಮೊದಲ ವರ್ಷ 3.9 ಕೋಟಿ ಡಾಲರ್ ಇದ್ದದ್ದು 2025-26ಕ್ಕೆ 9.55 ಕೋಟಿ ಆಯಿತು. ಒಪ್ಪಂದದ ಒಟ್ಟು ಹಣವನ್ನು ವರ್ಷಗಳಿಂದ ಭಾಗಿಸಿದರೆ ಬರುವ ಸರಾಸರಿಗೆ ಕ್ಯಾಪ್ ಹಿಟ್ ಎನ್ನುತ್ತಾರೆ. ಆ ವರ್ಷ ಕೈಗೆ ಎಷ್ಟೇ ಸಂಬಳ ಹೋಗಲಿ, ಮಿತಿಯೊಳಗೆ ಎಣಿಕೆಯಾಗುವುದು ಈ ಸರಾಸರಿ. 2013ರ ಒಡಂಬಡಿಕೆಯಂತೆ ತನ್ನದೇ ಆಟಗಾರನಿಗೆ ತಂಡ 8 ವರ್ಷ, ಹೊರಗಿನಿಂದ ಬರುವವನಿಗೆ 7 ವರ್ಷ ಕೊಡಬಹುದಿತ್ತು. 2026ರ ಸೆಪ್ಟೆಂಬರಿನಿಂದ ಅದು 7 ಮತ್ತು 6ಕ್ಕೆ ಇಳಿಯುತ್ತದೆ. ಇಷ್ಟುದ್ದದ ಒಪ್ಪಂದಕ್ಕೆ ತಂಡಗಳು ಸಹಿ ಹಾಕಬೇಕೇ ಎಂಬುದು ಇಲ್ಲಿನ ಪ್ರಶ್ನೆ.

ಪರ: ನೋಡಬೇಕಾದದ್ದು ಆಟಗಾರನ ವಯಸ್ಸು

2022ರ ಜುಲೈ 22ರಂದು ಕ್ಯಾಲ್ಗರಿ ಮತ್ತು ಫ್ಲೋರಿಡಾ ತಂಡಗಳು ತಮ್ಮ ತಾರೆಗಳನ್ನೇ ಅದಲುಬದಲು ಮಾಡಿಕೊಂಡವು. ಮ್ಯಾಥ್ಯೂ ಟ್ಕಚಕ್ ಫ್ಲೋರಿಡಾಕ್ಕೆ ಹೋದರು. ಜೊನಾಥನ್ ಹ್ಯೂಬರ್ಡೊ, ಜೊತೆಗೆ ಮೆಕೆಂಜಿ ವೀಗರ್ ಮತ್ತಿತರರು ಕ್ಯಾಲ್ಗರಿಗೆ ಬಂದರು. ಟ್ಕಚಕ್‌ಗೆ ಎಂಟು ವರ್ಷಕ್ಕೆ 7.6 ಕೋಟಿ ಡಾಲರ್. ಕೆಲವೇ ದಿನಗಳಲ್ಲಿ ಹ್ಯೂಬರ್ಡೊಗೂ ಎಂಟು ವರ್ಷಕ್ಕೆ 8.4 ಕೋಟಿ. ಹಿಂದಿನ ಋತುವಿನಲ್ಲಿ ಗೋಲು, ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಸೇರಿ ಹ್ಯೂಬರ್ಡೊ ಗಳಿಸಿದ್ದು 115 ಪಾಯಿಂಟ್, ಟ್ಕಚಕ್ 104. ಅಂಕಿ ನೋಡಿದವರಿಗೆ ಕ್ಯಾಲ್ಗರಿಗೇ ಲಾಭ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಮುಂದಿನ ಋತುವಿನಲ್ಲಿ ಹ್ಯೂಬರ್ಡೊ 55ಕ್ಕೆ ಇಳಿದರು, ಅದರಾಚೆಯ ವರ್ಷ 52. ಟ್ಕಚಕ್ 109 ಪಾಯಿಂಟ್ ಗಳಿಸಿದರು. 2024 ಮತ್ತು 2025ರಲ್ಲಿ ಲೀಗಿನ ಚಾಂಪಿಯನ್‌ಗೆ ಸಿಗುವ ಸ್ಟಾನ್ಲಿ ಕಪ್ ಫ್ಲೋರಿಡಾದ ಪಾಲಾಯಿತು. ಎರಡು ಒಪ್ಪಂದಗಳ ಉದ್ದ ಒಂದೇ. ಆದರೆ ಒಂದು ಶುರುವಾದಾಗ ಟ್ಕಚಕ್‌ಗೆ 24, ಮುಗಿಯುವಾಗ 32. ಇನ್ನೊಂದು 2023-24ರಲ್ಲಿ ಜಾರಿಗೆ ಬರುವ ಹೊತ್ತಿಗೆ ಹ್ಯೂಬರ್ಡೊಗೆ ಆಗಲೇ 30 ತುಂಬಿತ್ತು. ಹಳೆಯ ಒಪ್ಪಂದದಲ್ಲಿ ಇನ್ನೂ ಒಂದು ವರ್ಷ ಬಾಕಿ ಇರುವಾಗಲೇ ಹೊಸದಕ್ಕೆ ಸಹಿ ಬಿದ್ದದ್ದರಿಂದ, 55 ಪಾಯಿಂಟಿನ ಆ ಋತು ಮುಗಿದಾಗ ಎಂಟು ವರ್ಷದಲ್ಲಿ ಒಂದು ದಿನವೂ ಸವೆದಿರಲಿಲ್ಲ.

ಫಾರ್ವರ್ಡ್‌ಗಳ ಗಳಿಕೆ ಸಾಮಾನ್ಯವಾಗಿ ಇಪ್ಪತ್ತರ ನಡುವಿನಲ್ಲಿ ಶಿಖರ ಮುಟ್ಟಿ, ಮೂವತ್ತು ದಾಟಿದ ಮೇಲೆ ಇಳಿಯುತ್ತದೆ. ಲೀಗಿನ ನಿಯಮದ ಪ್ರಕಾರ ಆಟಗಾರನಿಗೆ ಪೂರ್ತಿ ಸ್ವಾತಂತ್ರ್ಯ ಸಿಗುವುದು 27 ತುಂಬಿದ ಮೇಲೆ, ಇಲ್ಲವೇ ಏಳು ಋತು ಆಡಿದ ಮೇಲೆ. ಅಂದರೆ ಮಾರುಕಟ್ಟೆಗೆ ಬರುವ ಹೊತ್ತಿಗೆ ಬಹುಪಾಲು ಒಳ್ಳೆಯ ವರ್ಷಗಳು ಕಳೆದಿರುತ್ತವೆ. ಹುಡುಗನ ಮೊದಲ ಮೂರು ವರ್ಷದ ಒಪ್ಪಂದ ಮುಗಿದ ಕೂಡಲೇ ಅವನದೇ ತಂಡ 7-8 ವರ್ಷ ಕೊಟ್ಟರೆ ಆ ಒಳ್ಳೆಯ ವರ್ಷಗಳೆಲ್ಲ ಒಂದೇ ಬೆಲೆಗೆ ಕೈಗೆ ಬರುತ್ತವೆ. ಈ ಅವಕಾಶ ಬೇರೆ ಯಾರಿಗೂ ಅಷ್ಟು ಸುಲಭವಾಗಿ ಸಿಗದು.

ಬೆಲೆ ಹೇಗೆ ಅಗ್ಗವಾಗುತ್ತದೆ ಎಂಬುದಕ್ಕೆ ಕೊಲೊರಾಡೊದ ನೇಥನ್ ಮೆಕಿನನ್ ಒಪ್ಪಂದ ನೋಡಿ. ಏಳು ವರ್ಷ, 4.41 ಕೋಟಿ, ಕ್ಯಾಪ್ ಹಿಟ್ 63 ಲಕ್ಷ. ಅದು ಶುರುವಾದ 2016-17ರಲ್ಲಿ ಮಿತಿ 7.3 ಕೋಟಿ ಇತ್ತು, ಹಾಗಾಗಿ ಅವರ ಪಾಲು ಶೇ 8.6. ತಂಡ ಕಪ್ ಗೆದ್ದ 2021-22ರಲ್ಲಿ ಅದು ಶೇ 7.7. ಜಗತ್ತಿನ ಅತ್ಯುತ್ತಮ ಆಟಗಾರರಲ್ಲಿ ಒಬ್ಬರು ಎರಡನೇ ಸಾಲಿನ ಆಟಗಾರನ ಬೆಲೆಗೆ ಆಡುತ್ತಿದ್ದರು, ಉಳಿದ ಹಣ ಸುತ್ತಲಿನ ತಂಡ ಕಟ್ಟಲು ಹೋಯಿತು. ಪಿಟ್ಸ್‌ಬರ್ಗ್‌ನ ಸಿಡ್ನಿ ಕ್ರಾಸ್‌ಬಿ ಪ್ರಕರಣ ಇನ್ನೂ ಧೈರ್ಯದ್ದು. ತಲೆಗೆ ಬಿದ್ದ ಪೆಟ್ಟಿನಿಂದ 2011-12ರಲ್ಲಿ ಅವರು ಆಡಿದ್ದು ಬರೀ 22 ಪಂದ್ಯ. ಆ ಬೇಸಿಗೆಯಲ್ಲೇ ತಂಡ ಅವರಿಗೆ 12 ವರ್ಷ, 10.44 ಕೋಟಿ ಕೊಟ್ಟಿತು. ವರ್ಷಕ್ಕೆ 87 ಲಕ್ಷ; ಅವರ ಜೆರ್ಸಿ ಸಂಖ್ಯೆಯೂ 87. ಒಪ್ಪಂದ ಶುರುವಾದ 2013-14ರಲ್ಲಿ ಅದು ಮಿತಿಯ ಶೇ 13.5 ಇತ್ತು, ಕೊನೆಯ ವರ್ಷವಾದ 2024-25ಕ್ಕೆ ಶೇ 9.9. ನಡುವೆ 2016 ಮತ್ತು 2017ರಲ್ಲಿ ಎರಡು ಕಪ್. ಅವತ್ತು ಹೆದರಿ ಮೂರು ವರ್ಷಕ್ಕೆ ಸಹಿ ಹಾಕಿಸಿದ್ದರೆ, 2016ರಲ್ಲಿ ಮತ್ತೆ ಚೌಕಾಸಿಗೆ ಕೂತು ತುಂಬ ಹೆಚ್ಚು ತೆರಬೇಕಾಗುತ್ತಿತ್ತು.

ಗೋಲ್‌ಕೀಪರ್‌ಗಳ ಮಾತು ಬೇರೆ, ಅಲ್ಲಿ ವಯಸ್ಸಿನ ಲೆಕ್ಕ ಅಷ್ಟು ಬಿಗಿಯಾಗಿಲ್ಲ. ಸೆರ್ಗೆ ಬಾಬ್ರೊವ್‌ಸ್ಕಿ 2019ರಲ್ಲಿ 30ನೇ ವಯಸ್ಸಿಗೆ ಫ್ಲೋರಿಡಾದ ಜೊತೆ ಏಳು ವರ್ಷಕ್ಕೆ 7 ಕೋಟಿಯ ಒಪ್ಪಂದ ಮಾಡಿಕೊಂಡರು. ಮೊದಲ ವರ್ಷಗಳಲ್ಲಿ ಅದನ್ನು ಲೀಗಿನ ಅತಿ ಕೆಟ್ಟ ಒಪ್ಪಂದ ಎಂದವರು ಬಹಳ. 2023ರ ಪ್ಲೇಆಫ್ ಶುರುವಾದಾಗ ಅವರು ಬೆಂಚಿನ ಮೇಲಿದ್ದರು. ಬಾಸ್ಟನ್ ವಿರುದ್ಧದ ಮೊದಲ ಸುತ್ತಿನ ನಡುವೆ ಗೋಲಿಗೆ ಮರಳಿದವರು ಆ ವರ್ಷ, ಅದರ ಮುಂದಿನ ಎರಡು ವರ್ಷ, ಹೀಗೆ ಸತತ ಮೂರು ಸಲ ತಂಡವನ್ನು ಫೈನಲ್‌ಗೆ ಒಯ್ದರು. ಎರಡು ಸಲ ಕಪ್ ಎತ್ತಿದರು. ನಾಲ್ಕನೇ ವರ್ಷದಲ್ಲೇ ಬೈಔಟ್ ಮಾಡಿ, ಅಂದರೆ ಉಳಿದ ಸಂಬಳದ ಒಂದು ಭಾಗ ಕೊಟ್ಟು ಒಪ್ಪಂದ ಮುರಿದು, ಕೈತೊಳೆದುಕೊಂಡಿದ್ದರೆ ಆ ಕಪ್‌ಗಳು ಬರುತ್ತಿದ್ದವೇ ಎಂದು ಯಾರೂ ಖಚಿತವಾಗಿ ಹೇಳಲಾರರು.

ಹಾಗಾಗಿ ಉದ್ದದ ಒಪ್ಪಂದವನ್ನೇ ಬೈಯುವುದು ಸರಿಯಲ್ಲ. ಫಾರ್ವರ್ಡ್ ಆದರೆ ಕೊನೆಯ ವರ್ಷ 33ರ ಒಳಗೆ ಮುಗಿಯುವಂತೆ ನೋಡಿಕೊಳ್ಳಬೇಕು. 28 ದಾಟಿದವನಿಗೆ ಒಂದು ವರ್ಷ ಮುಂಚಿತವಾಗಿ ವಿಸ್ತರಣೆ ಕೊಡಬಾರದು, ಆ ಒಂದು ಋತು ಕಾದು ನೋಡಬೇಕು. ಎಲ್ಲಿಗೂ ಕಳಿಸುವಂತಿಲ್ಲ ಎಂಬ ನೋ-ಮೂವ್ ಷರತ್ತು ಮೊದಲ ನಾಲ್ಕೈದು ವರ್ಷಕ್ಕಿರಲಿ, ಆಮೇಲೆ ಅದು ಹತ್ತು-ಹದಿನೈದು ತಂಡಗಳ ಪಟ್ಟಿಗೆ ಸಡಿಲವಾಗಬೇಕು. ಇಷ್ಟು ಗಮನಿಸಿದ ತಂಡಕ್ಕೆ ಎಂಟು ವರ್ಷಕ್ಕಿಂತ ಒಳ್ಳೆಯ ಅಸ್ತ್ರ ಇನ್ನೊಂದಿಲ್ಲ.

ವಿರೋಧ: ಸಹಿ ಹಾಕಿದವರು ಹೋಗುತ್ತಾರೆ, ಲೆಕ್ಕ ಉಳಿಯುತ್ತದೆ

ಮೆಕಿನನ್, ಟ್ಕಚಕ್ ಹೆಸರು ಹೇಳುವುದು ಸುಲಭ. ಅಂಥವರು ಲೀಗಿನಲ್ಲಿ ಬೆರಳೆಣಿಕೆಯಷ್ಟು. ಉದ್ದದ ಒಪ್ಪಂದ ಸಿಗುವುದು ಅವರೊಬ್ಬರಿಗೇ ಅಲ್ಲವಲ್ಲ. ಪ್ರತಿ ಜುಲೈ 1ರಂದು ಮಾರುಕಟ್ಟೆ ತೆರೆದಾಗ ಒಬ್ಬ ಮಧ್ಯಮ ಆಟಗಾರನ ಹಿಂದೆ ಐದಾರು ತಂಡ ಬೀಳುತ್ತವೆ. ಮಿತಿ ಇರುವುದರಿಂದ ಯಾರೂ ವರ್ಷದ ಮೊತ್ತವನ್ನು ತುಂಬ ಏರಿಸಲಾರರು, ಆದ್ದರಿಂದ ವರ್ಷಗಳನ್ನು ಏರಿಸುತ್ತಾರೆ. ನಾಲ್ಕು ವರ್ಷಕ್ಕೆ 2.8 ಕೋಟಿ ಕೇಳುವವನಿಗೆ ಏಳು ವರ್ಷಕ್ಕೆ 3.85 ಕೋಟಿ ಕೊಟ್ಟರೆ ಕ್ಯಾಪ್ ಹಿಟ್ 70 ಲಕ್ಷದಿಂದ 55ಕ್ಕೆ ಇಳಿಯುತ್ತದೆ. ಕೊನೆಯ ಮೂರು ವರ್ಷ ಆಟ ನಿರೀಕ್ಷಿಸಿ ಕೊಟ್ಟದ್ದಲ್ಲ, ಇವತ್ತಿನ ಲೆಕ್ಕ ಹಗುರಾಗಲೆಂದು ನಾಳೆಯಿಂದ ತಂದ ಸಾಲ. ಸಹಿ ಹಾಕಿದ ಜನರಲ್ ಮ್ಯಾನೇಜರ್ ಆರನೇ ವರ್ಷಕ್ಕೆ ಆ ಕುರ್ಚಿಯಲ್ಲಿ ಇರುವುದು ಅಪರೂಪ.

ಆ ಸಾಲ ಹೇಗೆ ವಸೂಲಾಗುತ್ತದೆ ಎಂಬುದನ್ನು ಮಿನ್ನೆಸೋಟದಲ್ಲಿ ಪೈಸೆ ಪೈಸೆ ಲೆಕ್ಕ ಹಾಕಿ ನೋಡಬಹುದು. 2012ರ ಜುಲೈ 4ರಂದು ಝಾಕ್ ಪರೀಸೆ ಮತ್ತು ರಯಾನ್ ಸೂಟರ್ ಇಬ್ಬರಿಗೂ 13 ವರ್ಷ, ತಲಾ 9.8 ಕೋಟಿ ಕೊಟ್ಟರು. ಕ್ಯಾಪ್ ಹಿಟ್ 75.38 ಲಕ್ಷ. ಮೊದಲೆರಡು ವರ್ಷ ಕೈಗೆ 1.2 ಕೋಟಿಯಂತೆ, ಕೊನೆಯ ಎರಡು ವರ್ಷ ಬರೀ 10 ಲಕ್ಷದಂತೆ. ಸರಾಸರಿ ತಗ್ಗಿಸಲೆಂದೇ ಆ ಬಾಲ ಅಂಟಿಸಿದ್ದು. (ಇದೇ ಕಾರಣಕ್ಕೆ 2013ರ ಒಡಂಬಡಿಕೆ, ಯಾವ ವರ್ಷದ ಸಂಬಳವೂ ಗರಿಷ್ಠ ವರ್ಷದ ಅರ್ಧಕ್ಕಿಂತ ಕೆಳಗೆ ಹೋಗಬಾರದೆಂದು ಬಿಗಿ ಮಾಡಿತು.) 2021ರ ಜುಲೈಯಲ್ಲಿ ಇಬ್ಬರನ್ನೂ ಬೈಔಟ್ ಮಾಡಿದರು. ಆಗ ಉಳಿದಿದ್ದ ನಾಲ್ಕು ವರ್ಷದ ಸಂಬಳ ತಲಾ 60, 20, 10, 10 ಲಕ್ಷ, ಒಟ್ಟು ಒಂದು ಕೋಟಿ. ನಿಯಮದಂತೆ ಅದರ ಮೂರನೇ ಎರಡು ಭಾಗವನ್ನು ಉಳಿದ ಅವಧಿಯ ಇಮ್ಮಡಿ ವರ್ಷಗಳಿಗೆ ಹಂಚಬೇಕು: 66.67 ಲಕ್ಷ, ಎಂಟು ವರ್ಷ, ವರ್ಷಕ್ಕೆ 8.33 ಲಕ್ಷ. ಹಣದ ಮಟ್ಟಿಗೆ ಇದು ಸಣ್ಣದು.

ಪೆಟ್ಟು ಬೀಳುವುದು ಕ್ಯಾಪ್ ಲೆಕ್ಕದಲ್ಲಿ. ಹಳೆಯ ಕ್ಯಾಪ್ ಹಿಟ್‌ನಿಂದ ಕಳೆಯಲು ಸಿಗುವುದು ಆ ವರ್ಷ ನಿಜವಾಗಿ ಉಳಿತಾಯವಾದ ಹಣ ಮಾತ್ರ. ಮೊದಲ ವರ್ಷ 60ರಲ್ಲಿ 8.33 ಹೋಗಿ 51.67 ಲಕ್ಷ ಉಳಿಯಿತು, ಹಾಗಾಗಿ ತಂಡದ ಮೇಲೆ ಬಿದ್ದ ಹೊರೆ ತಲಾ 23.71 ಲಕ್ಷ. ಎರಡನೇ ವರ್ಷ 63.71. ಮೂರು, ನಾಲ್ಕನೇ ವರ್ಷಗಳಲ್ಲಿ ಸಂಬಳವೇ 10 ಲಕ್ಷ ಇದ್ದದ್ದರಿಂದ ಉಳಿತಾಯ ಬರೀ 1.67 ಲಕ್ಷ, ಹೊರೆ 73.71. ಇಬ್ಬರದೂ ಸೇರಿ 2023-24ರಲ್ಲಿ 1.474 ಕೋಟಿ, ಅಂದರೆ 8.35 ಕೋಟಿಯ ಮಿತಿಯಲ್ಲಿ ಶೇ 17.7, ಬೇರೆ ಊರಲ್ಲಿ ಆಡುತ್ತಿದ್ದವರ ಹೆಸರಿಗೆ ಖರ್ಚಾಯಿತು. ಆ ವರ್ಷ ತಂಡ ಪ್ಲೇಆಫ್ ತಲುಪಲಿಲ್ಲ. ಬೈಔಟ್‌ನ ಮೊದಲ ನಾಲ್ಕು ವರ್ಷಗಳಲ್ಲಿ ಅದು ಒಂದು ಪ್ಲೇಆಫ್ ಸುತ್ತನ್ನೂ ಗೆಲ್ಲಲಿಲ್ಲ.

ವ್ಯಾಂಕೂವರ್‌ನದು ಸಾಲ ತೀರಿಸಲು ಸಾಲ ಮಾಡಿದ ಕಥೆ. 2016ರ ಜುಲೈ 1ರಂದು, 31 ತುಂಬಲು ಎರಡು ವಾರ ಇದ್ದ ಲೂಯಿ ಎರಿಕ್‌ಸನ್‌ಗೆ ಆರು ವರ್ಷಕ್ಕೆ 3.6 ಕೋಟಿ ಕೊಟ್ಟರು. ಹಿಂದಿನ ವರ್ಷ ಬಾಸ್ಟನ್‌ನಲ್ಲಿ 30 ಗೋಲು ಹೊಡೆದವರು ಇಲ್ಲಿ ಮೊದಲ ಋತುವಿನಲ್ಲಿ ಹೊಡೆದದ್ದು 11. ಬೈಔಟ್ ದಾರಿ ಮುಚ್ಚಿತ್ತು. ಹಣದ ದೊಡ್ಡ ಪಾಲು ಸೈನಿಂಗ್ ಬೋನಸ್ ರೂಪದಲ್ಲಿತ್ತು, ಮೂರನೇ ಎರಡು ಭಾಗ ಕೊಟ್ಟರೆ ಸಾಕೆಂಬ ರಿಯಾಯಿತಿ ಬೋನಸ್‌ಗೆ ಅನ್ವಯಿಸುವುದಿಲ್ಲ. ಕೊನೆಗೆ 2021ರಲ್ಲಿ, ಒಂದೇ ವರ್ಷ ಬಾಕಿ ಇದ್ದ ಅವರ ಒಪ್ಪಂದವನ್ನೂ ಅಂಥದ್ದೇ ಇನ್ನೆರಡನ್ನೂ ಅರಿಜೋನಾಕ್ಕೆ ದಾಟಿಸಲು, ಆ ವರ್ಷದ ಡ್ರಾಫ್ಟಿನ (ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಪದ್ಧತಿ) ಒಂಬತ್ತನೇ ಆಯ್ಕೆಯನ್ನೇ ಬಿಟ್ಟುಕೊಟ್ಟರು. ಬದಲಿಗೆ ಕಾನರ್ ಗಾರ್ಲಂಡ್ ಜೊತೆ ಬಂದವರು ಡಿಫೆನ್ಸ್‌ಮನ್ ಆಲಿವರ್ ಎಕ್‌ಮನ್-ಲಾರ್ಸನ್, ಅವರ ಒಪ್ಪಂದದಲ್ಲಿ ಇನ್ನೂ ಆರು ವರ್ಷ ಬಾಕಿ. ಎರಡೇ ವರ್ಷಕ್ಕೆ, 2023ರಲ್ಲಿ, ಅವರನ್ನೂ ಬೈಔಟ್ ಮಾಡಬೇಕಾಯಿತು. ಒಂದು ವರ್ಷ ಹಲ್ಲುಕಚ್ಚಿ ಕಾದಿದ್ದರೆ ತಾನೇ ಮುಗಿಯುತ್ತಿದ್ದ ತೊಂದರೆ ಈಗ 2030-31ರವರೆಗೆ ಲೆಕ್ಕದ ಪುಸ್ತಕದಲ್ಲಿದೆ. ಅತ್ತ ಎಕ್‌ಮನ್-ಲಾರ್ಸನ್ 22.5 ಲಕ್ಷಕ್ಕೆ ಒಂದೇ ವರ್ಷದ ಒಪ್ಪಂದ ಮಾಡಿಕೊಂಡು ಫ್ಲೋರಿಡಾಕ್ಕೆ ಹೋಗಿ 2024ರ ಕಪ್ ಗೆದ್ದರು. ಅವರು ಕೆಟ್ಟ ಆಟಗಾರರಾಗಿರಲೇ ಇಲ್ಲ. ಆ ವಯಸ್ಸಿನ ಆಟಕ್ಕೆ ಹಳೆಯ ಒಪ್ಪಂದದ ಬೆಲೆ, ಅವಧಿ ತಕ್ಕುದಾಗಿರಲಿಲ್ಲ, ಅಷ್ಟೆ.

ಮಿತಿ ಏರುತ್ತಾ ಹೋಗುವುದರಿಂದ ಒಪ್ಪಂದ ಅಗ್ಗವಾಗುತ್ತದೆ ಎಂಬ ವಾದವೂ ಅರ್ಧ ಸತ್ಯ. ಕೋವಿಡ್ ಬಂದಾಗ 2019-20ರಿಂದ ಮೂರು ಋತು ಮಿತಿ 8.15 ಕೋಟಿಯಲ್ಲೇ ನಿಂತಿತು, ಆಮೇಲಿನ ಎರಡು ವರ್ಷ ತಲಾ ಹತ್ತು ಲಕ್ಷ ಮಾತ್ರ ಏರಿತು. ಏರಿಕೆ ನಂಬಿ ಸಹಿ ಹಾಕಿದ್ದವರೆಲ್ಲ ಆ ಐದು ವರ್ಷ ಆಟಗಾರರನ್ನು ಬಿಟ್ಟುಕೊಟ್ಟೇ ಲೆಕ್ಕ ಸರಿದೂಗಿಸಬೇಕಾಯಿತು.

ಇನ್ನೊಂದು ಮಾತು ಅಭಿಮಾನಿಗಳ ಚರ್ಚೆಯಲ್ಲಿ ಹೆಚ್ಚಾಗಿ ಬರುವುದೇ ಇಲ್ಲ. ಲೀಗಿನ ಆದಾಯದಲ್ಲಿ ಆಟಗಾರರೆಲ್ಲರ ಒಟ್ಟು ಪಾಲು ಅರ್ಧಕ್ಕೆ ನಿಗದಿಯಾಗಿದೆ. ಒಪ್ಪಂದಗಳ ಮೊತ್ತ ಅದನ್ನು ಮೀರಿದರೆ ಎಸ್ಕ್ರೊ ಎಂದು ಎಲ್ಲರ ಸಂಬಳದಿಂದಲೂ ಹಿಡಿದಿಟ್ಟ ಹಣ ಮಾಲೀಕರಿಗೆ ಹೋಗುತ್ತದೆ. ಹೀಗಾಗಿ ಆಟ ಕಳೆದುಕೊಂಡ 35ರ ಆಟಗಾರನಿಗೆ ಕೊಡುವ ಹೆಚ್ಚುವರಿ ಕೋಟಿ ಮಾಲೀಕನ ಜೇಬಿನಿಂದ ಬರುವುದಿಲ್ಲ. ಕನಿಷ್ಠ ಸಂಬಳಕ್ಕೆ ನಾಲ್ಕನೇ ಸಾಲಿನಲ್ಲಿ ಆಡುವ 22ರ ಹುಡುಗನ ಪಾಲಿನಿಂದ ಬರುತ್ತದೆ. ನನಗೆ ಇಡೀ ಪದ್ಧತಿಯಲ್ಲಿ ಅತ್ಯಂತ ಅನ್ಯಾಯ ಅನ್ನಿಸುವುದು ಇದೇ.

ಅದಕ್ಕೇ ಗರಿಷ್ಠ ಐದು ವರ್ಷ ಸಾಕು. 2026ರಲ್ಲಿ ಲೀಗ್ ಒಂದೊಂದು ವರ್ಷ ಇಳಿಸುತ್ತಿರುವುದು ಸರಿಯಾದ ದಿಕ್ಕು, ಆದರೆ ಅಳತೆ ಸಾಲದು. ಆ ಬಾಗಿಲು ಮುಚ್ಚುವ ಮೊದಲೇ, 2025ರ ಸೆಪ್ಟೆಂಬರ್ ಕೊನೆಗೆ, ಅದೇ ಮಿನ್ನೆಸೋಟ ಕಿರಿಲ್ ಕಪ್ರಿಜೋವ್‌ಗೆ ಎಂಟು ವರ್ಷ, 13.6 ಕೋಟಿ ಕೊಟ್ಟಿತು. ವರ್ಷಕ್ಕೆ 1.7 ಕೋಟಿ, ಲೀಗಿನ ಇತಿಹಾಸದಲ್ಲೇ ಅಲ್ಲಿಯವರೆಗಿನ ಅತಿ ದೊಡ್ಡ ಕ್ಯಾಪ್ ಹಿಟ್. 2026-27ರಲ್ಲಿ ಅದು ಶುರುವಾಗುವಾಗ ಅವರಿಗೆ 29, ಮುಗಿಯುವಾಗ 37. ಅದರ ಮೊದಲ ಮೂರು ವರ್ಷ, 2028-29ರವರೆಗೆ, ಪರೀಸೆ ಮತ್ತು ಸೂಟರ್ ಅವರ ತಲಾ 8.33 ಲಕ್ಷವೂ ಅದೇ ಪುಟದಲ್ಲಿ, ಕಪ್ರಿಜೋವ್ ಹೆಸರಿನ ಕೆಳಗೆ ಇರುತ್ತದೆ.