ಕೋವಿ ಬಂತು, ಬೇಟೆ ಮಲಗಿತು

ವಿಂಚೆಸ್ಟರ್ ಮಾಡೆಲ್ 70 ರೈಫಲಿನ ದುರ್ಬೀನಿಗೆ ಕುಂಕುಮ ಹಚ್ಚಬಾರದು ಎಂದು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್ನಿನಲ್ಲಿ ಅದನ್ನು ತಯಾರಿಸಿದವರಿಗೆ ಇಂಥದ್ದೊಂದು ಗಂಡಾಂತರ ಕನಸಿನಲ್ಲಿಯೂ ಹೊಳೆದಿರಲಾರದು. ಹೊಳೆದಿದ್ದರೆ, ಅಂದು ಪಕ್ಕದ ಮೇಜಿನ ಮುದುಕರ ಎದುರು ನಾನು ಅಷ್ಟು ಸಣ್ಣವನಾಗಬೇಕಾಗಿರಲಿಲ್ಲ. ಆದರೆ ಆ ಕುಂಕುಮದ ತನಕ ಬರಲು ನನಗೆ ಮೂವತ್ತೆಂಟು ವರ್ಷ ಹಿಡಿಯಿತು. ನೀವು ಸ್ವಲ್ಪ ತಾಳಿಕೊಳ್ಳಿ.

ಕೊಪ್ಪದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಮಂಗಗಳಿಗೆ ನಮಗಿಂತ ಹೆಚ್ಚು ಅಧಿಕಾರವಿತ್ತು. ಅವುಗಳನ್ನು ಬೆದರಿಸಲು ಅಜ್ಜನ ಹತ್ತಿರ ಒಂದು ಕೇಪಿನ ಕೋವಿ ಇತ್ತು. ನಳಿಗೆಯ ಬಾಯಿಯಿಂದ ಮದ್ದು ಸುರಿದು, ತೆಂಗಿನ ನಾರು ತುರುಕಿ, ಸಲಾಕೆಯಿಂದ ಜಡಿದು, ಹಿಂದೆ ಕೇಪು ಕೂರಿಸಿ ಅಜ್ಜ ಕೋವಿ ಎತ್ತುವಷ್ಟರಲ್ಲಿ ಮಂಗಗಳು ಬಾಳೆಗೊನೆಯನ್ನು ಮುಗಿಸಿ, ಎದುರು ಗುಡ್ಡದ ಮರದಲ್ಲಿ ಸಾಲಾಗಿ ಕುಳಿತು ಈಡು ಕೇಳಲು ಕಾಯುತ್ತಿದ್ದವು. ಅದೂ ಕೋವಿ ಮನೆಯಲ್ಲಿದ್ದರೆ. ಚುನಾವಣೆ ಬಂತೆಂದರೆ ಪರವಾನಗಿ ಕೋವಿಗಳನ್ನು ಠಾಣೆಯಲ್ಲಿ ಒಪ್ಪಿಸಬೇಕು. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಒಂದರ ಬೆನ್ನಿಗೆ ಒಂದು. ನಮ್ಮೂರಿನಲ್ಲಿ ಪ್ರಜಾಪ್ರಭುತ್ವದ ಪೂರ್ಣ ಫಲ ಉಂಡವರು ಮತದಾರರ ಪಟ್ಟಿಯಲ್ಲಿ ಹೆಸರೇ ಇಲ್ಲದ ಆ ಮಂಗಗಳು.

ನನಗೆ ಹನ್ನೆರಡು ವರ್ಷವಿದ್ದಾಗ, ಹತ್ತಿರದ ಕಾಫಿ ಎಸ್ಟೇಟಿನ ಹಳೆಯ ಬಂಗಲೆಯಿಂದ ರದ್ದಿಗೆ ಹೊರಟಿದ್ದ ಕಟ್ಟಿನಲ್ಲಿ ಒಂದು ಅಮೆರಿಕನ್ ಬೇಟೆ ಪತ್ರಿಕೆ ಸಿಕ್ಕಿತು. ಮುಖಪುಟ ಹರಿದಿತ್ತು, ಒಳಪುಟಗಳನ್ನು ಗೆದ್ದಲು ರುಚಿ ನೋಡಿತ್ತು. ಉಳಿದ ಒಂದು ಪುಟದಲ್ಲಿ ಆ ರೈಫಲ್ ಇತ್ತು. ಆಕ್ರೋಟ್ ಮರದ ಹಿಡಿ, 26 ಇಂಚಿನ ನಳಿಗೆ, ಮೇಲೊಂದು ದುರ್ಬೀನು. ಅದು ಹುಲಿ, ಕಾಟಿಗಳಿಗಲ್ಲ. ಬೆಳೆಗೆ ಉಪದ್ರವ ಕೊಡುವ ಸಣ್ಣಪುಟ್ಟ ಪ್ರಾಣಿಗಳನ್ನು ದೂರದಿಂದಲೇ ಹೊಡೆಯಲೆಂದು ಮಾಡಿದ್ದು. ಅಲ್ಲಿ ಅದನ್ನು ‘ವಾರ್ಮಿಂಟ್ ರೈಫಲ್’ ಎನ್ನುತ್ತಾರೆ. ಅದರ ತೋಟಾದ ಹೆಸರು .220 ಸ್ವಿಫ್ಟ್. 1935ರಲ್ಲಿ ಬಂದದ್ದು. ಮೂರು ಗ್ರಾಂ ತೂಕದ ಗುಂಡು ಸೆಕೆಂಡಿಗೆ 4,110 ಅಡಿ ವೇಗದಲ್ಲಿ ಹೊರಡುತ್ತದೆ. ನಾನು ಮಗ್ಗಿ ಪುಸ್ತಕ ಹಿಡಿದು ಕುಳಿತು ಲೆಕ್ಕ ಹಾಕಿದೆ: 1,250 ಮೀಟರ್. ಆ ವೇಗದಲ್ಲಿ ಓಡಿದರೆ ನಮ್ಮ ಮನೆಯಿಂದ ಬಸ್ ನಿಲ್ದಾಣಕ್ಕೆ ಎರಡೇ ಸೆಕೆಂಡು. ಲೆಕ್ಕ ಮುಗಿಯುವ ಹೊತ್ತಿಗೆ ಆ ದಿನದ ಬಸ್ಸು ಹೋಗಿತ್ತು.

ನಂತರದ ಕಥೆ ಎಲ್ಲರದ್ದೂ ಹೌದು. ಎಂಜಿನಿಯರಿಂಗ್, ಬೆಂಗಳೂರು, ಅಮೆರಿಕ. ಅಮೆರಿಕದಲ್ಲಿ ಯಾರು ಬೇಕಾದರೂ ತರಕಾರಿಯ ಹಾಗೆ ಬಂದೂಕು ಕೊಳ್ಳಬಹುದು ಎಂದು ನೀವು ನಂಬಿದ್ದರೆ ನಾನೂ ನಂಬಿದ್ದೆ. ಕೆಲಸದ ವೀಸಾದಲ್ಲಿ ಬಂದವರಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅಲ್ಲಿನ ಕೇಂದ್ರ ಕಾನೂನು ಬಂದೂಕು ಮುಟ್ಟಗೊಡುವುದಿಲ್ಲ. ಗ್ರೀನ್ ಕಾರ್ಡ್ ಬೇಕು. ಭಾರತೀಯರ ಗ್ರೀನ್ ಕಾರ್ಡಿನ ಸಾಲು ಎಷ್ಟು ಉದ್ದವೆಂದು ಬಲ್ಲವರೇ ಬಲ್ಲರು. ನನ್ನ ಸರದಿ ಬರಲು ಹನ್ನೆರಡು ವರ್ಷವಾಯಿತು. ಕಾರ್ಡು ಕೈಗೆ ಬಂದ ದಿನ ಸ್ನೇಹಿತರು ಮನೆ ಕೊಳ್ಳುವ ಮಾತಾಡಿದರು. ನಾನು ಒಳಗೊಳಗೇ 26 ಇಂಚಿನ ನಳಿಗೆಯನ್ನು ಸವರುತ್ತಿದ್ದೆ.

ಹೆಂಡತಿಯನ್ನು ಒಪ್ಪಿಸುವುದು ಅದಕ್ಕಿಂತ ದೊಡ್ಡ ಸಾಲು. ಅಲ್ಲಿ ನನ್ನ ಕೈ ಹಿಡಿದದ್ದು ಒಂದು ಗ್ರೌಂಡ್‌ಹಾಗ್. ಹೆಸರಿನಲ್ಲಿ ಹಂದಿ, ಕುಲದಲ್ಲಿ ಅಳಿಲು, ನೋಡಲು ಮದುವೆ ಮನೆಯಲ್ಲಿ ಮೂರನೆಯ ಪಂಕ್ತಿಗೂ ಕುಳಿತು ಉಂಡೆದ್ದ ಹೆಗ್ಗಣ. ಪೆನ್ಸಿಲ್ವೇನಿಯಾದ ನಮ್ಮ ಹಿತ್ತಲಿನ ಷೆಡ್ಡಿನಡಿ ಅದು ಬಿಲ ತೋಡಿಕೊಂಡಿತ್ತು. ನನ್ನವಳು ಮೇ ತಿಂಗಳಿನಲ್ಲಿ ನೆಟ್ಟು, ಮಗುವಿನಂತೆ ಬೆಳೆಸಿದ್ದ ಅಲಸಂಡೆ ಮತ್ತು ಬಸಳೆಯನ್ನು ಒಂದೇ ಬೆಳಗಿನಲ್ಲಿ ನೆಲಸಮ ಮಾಡಿ, ಹಿಂಗಾಲ ಮೇಲೆ ನೆಟ್ಟಗೆ ಕುಳಿತು ನಮ್ಮ ಅಡುಗೆಮನೆಯ ಕಿಟಕಿಯನ್ನೇ ದಿಟ್ಟಿಸುತ್ತಿತ್ತು. ಇನ್ನೇನಿದೆ ಎನ್ನುವ ಮುಖ.

“ರೀ, ಇದಕ್ಕೇನಾದರೂ ಮಾಡಬಾರದೇ?” ಎಂದಳು.

ಮೂವತ್ತೆಂಟು ವರ್ಷದಿಂದ ಈ ವಾಕ್ಯಕ್ಕೆ ಕಾದಿದ್ದವನು ನಾನು. “ಮಾಡಬಹುದು. ಸ್ವಲ್ಪ ಖರ್ಚಾಗುತ್ತದೆ” ಎಂದೆ.

ಊರಿಗೆ ಫೋನ್ ಮಾಡಿದಾಗ ಅಮ್ಮ ಕೇಳಿದ್ದು ಒಂದೇ ಮಾತು: “ಅಲ್ಲಿ ಮಂಗ ಇಲ್ಲವಲ್ಲೋ, ಕೋವಿ ಯಾಕೆ?”

ಹಳೆಯ ಬಂದೂಕುಗಳ ಅಂಗಡಿಯೊಂದರಲ್ಲಿ ಅದು ಗೋಡೆಗೆ ಒರಗಿ ನಿಂತಿತ್ತು. 1964ರಲ್ಲಿ ಕಂಪನಿ ಈ ಮಾದರಿಯನ್ನು ಕಡಿಮೆ ಖರ್ಚಿನಲ್ಲಿ ತಯಾರಿಸುವಂತೆ ಬದಲಾಯಿಸಿತು. ಅದಕ್ಕೆ ಮೊದಲಿನದಕ್ಕೇ ಜನ ಜೀವ ಬಿಡುತ್ತಾರೆ. ನಮ್ಮ ಹಿರಿಯರು ಕೀಲಿ ಕೊಡುವ ಎಚ್‌ಎಂಟಿ ವಾಚಿನ ಬಗ್ಗೆ ಮಾತನಾಡುವ ಧಾಟಿಯಲ್ಲಿಯೇ ಅಲ್ಲಿನ ಮುದುಕರು ‘ಅರವತ್ತನಾಲ್ಕಕ್ಕೆ ಮುಂಚಿನದು’ ಎನ್ನುತ್ತಾರೆ. ಸೀರಿಯಲ್ ಸಂಖ್ಯೆ ಏಳು ಲಕ್ಷದೊಳಗಿದ್ದರೆ ಹಳೆಯದು. ನಾನು ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ಓದಿದೆ. ಏಳು ಲಕ್ಷದೊಳಗೇ ಇತ್ತು. ಬೆಲೆ ಮಾತ್ರ ಹಳೆಯದಾಗಿರಲಿಲ್ಲ.

ಅಂಗಡಿಯವನು ಫಾರಂ 4473 ಮುಂದಿಟ್ಟ. ಮೊದಲ ಪೆಟ್ಟಿಗೇ ಒಂದು ಪ್ರಶ್ನೆ: ಈ ಬಂದೂಕನ್ನು ನಿಜವಾಗಿ ಕೊಳ್ಳುತ್ತಿರುವವರು ನೀವೇ ಏನು? ಮನೆಯ ಹಣಕಾಸನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದು ನೆನಪಾಗಿ ನನ್ನ ಪೆನ್ನು ಒಂದು ಕ್ಷಣ ನಿಂತಿತು. ನ್ಯಾಯಾಲಯದಿಂದ ತಲೆಮರೆಸಿಕೊಂಡಿದ್ದೀರಾ ಎಂಬುದಕ್ಕೆ ಧೈರ್ಯವಾಗಿ ಇಲ್ಲ ಎಂದು ಬರೆದೆ. ಎಡವಿದ್ದು ಹೆಸರಿನ ಮನೆಯಲ್ಲಿ. ಪೂರ್ಣ ಹೆಸರು ಬರೆಯಬೇಕು. ಹೆಸರಿನಲ್ಲಿ ಬರೀ ಇನಿಶಿಯಲ್ ಇದ್ದರೆ ಅದರ ಮುಂದೆ ‘ಐಒ’, ಅಂದರೆ ಇದು ಇನಿಶಿಯಲ್ ಮಾತ್ರ ಎಂದು ನಮೂದಿಸಬೇಕು.

“ಈ ಎಚ್ ಎಂದರೆ?” ಎಂದು ಅಂಗಡಿಯವನು ಕೇಳಿದ.

“ನಮ್ಮ ಊರು.”

“ನೀವು ಹುಟ್ಟಿದ್ದೇ?”

“ಅಲ್ಲ. ಅಜ್ಜ ಹುಟ್ಟಿದ್ದು.”

“ಎಸ್?”

“ಅಪ್ಪ.”

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ಒಬ್ಬನಿಗೆ ಮಾರಲು ಹೊರಟರೆ ಮೂರು ತಲೆಮಾರು ಮತ್ತು ಒಂದು ಗ್ರಾಮ ಅಂಗಡಿಯೊಳಗೆ ಬಂದು ನಿಂತಿತ್ತಲ್ಲ. ಪೊಲೀಸರ ತಪಾಸಣೆಗೆ ಹೆಸರು ಹೋಯಿತು. ನನ್ನ ಹಿಂದೆ ಬಂದವರು ಮುಂದೆ ಹೋದರು. ನನ್ನದು ‘ತಡೆ’ ಎಂದು ಬಂತು. ಸೆಕೆಂಡಿಗೆ 1,250 ಮೀಟರ್ ಓಡುವ ವಸ್ತುವನ್ನು ಹಲವು ದಿನ ಅಂಗಡಿಯಲ್ಲಿಯೇ ಬಿಟ್ಟು ಬರಿಗೈಯಲ್ಲಿ ಮನೆಗೆ ಬಂದೆ. ಅಜ್ಜನ ಕೋವಿ ಠಾಣೆಯಲ್ಲಿದ್ದಾಗ ಅವನು ಹೇಗೆ ಜಗುಲಿಯಲ್ಲಿ ಸುಮ್ಮನೆ ಎಲೆಯಡಿಕೆ ಹಾಕುತ್ತಿದ್ದ ಎಂದು ಆಗ ಅರ್ಥವಾಯಿತು.

ಈ ನಡುವೆ ಬೇಟೆಗಾರರ ಕಡ್ಡಾಯ ತರಗತಿಗೂ ಹೋದೆ. ಮೊದಲ ಸಲ ಪರವಾನಗಿ ಪಡೆಯುವವರು ಪಾಸಾಗಲೇಬೇಕು. ಪೆನ್ಸಿಲ್ವೇನಿಯಾದಲ್ಲಿ ಹನ್ನೊಂದು ವರ್ಷಕ್ಕೇ ಇದಕ್ಕೆ ಕೂರಬಹುದು, ಹಾಗಾಗಿ ಸಹಪಾಠಿಗಳೆಲ್ಲ ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು. ಬಂದೂಕು ಹಿಡಿದು ಬೇಲಿ ದಾಟುವುದು ಹೇಗೆ ಎಂಬ ಪ್ರಶ್ನೆಗೆ ನಾನು ‘ಜಾಗ್ರತೆಯಿಂದ’ ಎಂದೆ. ಎರಡು ಜಡೆಯ ಹುಡುಗಿಯೊಬ್ಬಳು ಎದ್ದು, ಮೊದಲು ತೋಟಾ ತೆಗೆಯಬೇಕು, ಆಮೇಲೆ ಬಂದೂಕನ್ನು ಬೇಲಿಯ ಆಚೆ ಇಡಬೇಕು, ಅನಂತರ ನಾವು ದಾಟಬೇಕು ಎಂದು ತಿದ್ದಿದಳು. ಪಾಸಾದೆ. ಅವಳಿಗೆ ನನಗಿಂತ ಹೆಚ್ಚು ಅಂಕ ಬಂದಿತ್ತು.

ತೋಟಾ ಕೊಳ್ಳಲು ಹೋದ ದಿನ ಕನ್ನಡಕ ಕಾರಿನಲ್ಲಿತ್ತು. .222, .223, .22-250, .220 ಸ್ವಿಫ್ಟ್: ನಾಲ್ಕಕ್ಕೂ ಗುಂಡಿನ ದಪ್ಪ ಒಂದೇ, ಇಂಚಿನ .224. ಮದ್ದು ತುಂಬುವ ಹಿತ್ತಾಳೆಯ ಕೋಶ ಮಾತ್ರ ಬೇರೆ ಬೇರೆ, ಒಂದರದ್ದು ಇನ್ನೊಂದಕ್ಕೆ ಕೂಡದು. ನಮ್ಮೂರಿನಲ್ಲಿ ಸುಬ್ಬಣ್ಣ, ಸುಬ್ರಾಯ, ಸುಬ್ಬರಾಯ, ಸುಬ್ರಹ್ಮಣ್ಯ ಎಂಬ ನಾಲ್ವರಿದ್ದರು. ಒಬ್ಬರ ಸಾಲವನ್ನು ಇನ್ನೊಬ್ಬರ ಹತ್ತಿರ ಕೇಳಿದಂತೆ ನಾನು .22-250ರ ಪೆಟ್ಟಿಗೆ ತಂದೆ. ಮನೆಯಲ್ಲಿ ಕನ್ನಡಕ ಹಾಕಿದ ಮೇಲೆ ತಿಳಿಯಿತು. ಮಾರಿದ ತೋಟಾ ವಾಪಸು ತೆಗೆದುಕೊಳ್ಳುವುದಿಲ್ಲವೆಂದು ಕ್ಯಾಷಿಯರಿನ ತಲೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು. ಅದನ್ನು ಕನ್ನಡಕವಿಲ್ಲದೆಯೂ ಓದಬಹುದಿತ್ತು. ಸ್ವಿಫ್ಟನ್ನು ಈಗ ಕೇಳುವವರೇ ಕಡಿಮೆಯಾದ್ದರಿಂದ ಸರಿಯಾದ ಪೆಟ್ಟಿಗೆ ಹುಡುಕಲು ನಾಲ್ಕು ಅಂಗಡಿ ಸುತ್ತಿದೆ. ಸಿಕ್ಕಿತು, ತೋಟಾ ಒಂದಕ್ಕೆ ಎರಡು ಡಾಲರಿಗೂ ಮೇಲೆ. ಇಪ್ಪತ್ತು ಇಡ್ಲಿಗೆ ಅಷ್ಟು ಕೊಟ್ಟಿದ್ದರೂ ನನ್ನವಳು ಒಂದು ವಾರ ಮಾತಾಡುತ್ತಿದ್ದಳು.

ಅಷ್ಟರಲ್ಲಿ ನವರಾತ್ರಿ ಬಂತು. ಆಯುಧ ಪೂಜೆಗೆ ಮೊದಲು ಆಯುಧ ಬಳಸುವುದುಂಟೇ? ಇಷ್ಟು ವರ್ಷ ಕಾರು, ಮಿಕ್ಸಿ, ಲ್ಯಾಪ್‌ಟಾಪುಗಳನ್ನು ಆಯುಧಗಳೆಂದು ಪೂಜಿಸುತ್ತಿದ್ದ ಮನೆಯಲ್ಲಿ ಮೊದಲ ಬಾರಿಗೆ ನಿಜವಾದ ಆಯುಧವೊಂದು ಮಣೆಯೇರಿತು. ನನ್ನವಳು ಶ್ರದ್ಧೆಯಿಂದ ಹಿಡಿಗೆ ಗಂಧ, ನಳಿಗೆಗೆ ಚೆಂಡುಹೂವಿನ ಮಾಲೆ, ದುರ್ಬೀನಿನ ಎರಡೂ ಗಾಜಿಗೆ ತುಪ್ಪದಲ್ಲಿ ಕಲಸಿದ ಕುಂಕುಮ ಹಚ್ಚಿದಳು. “ಗಾಜಿಗೆ ಯಾಕೆ?” ಎಂದೆ. “ಅದು ಅದರ ಹಣೆಯಲ್ಲವೇ?” ಎಂದಳು. ವಾದಿಸಲು ಜಾಗವಿರಲಿಲ್ಲ. ಮರುದಿನ ನಾನು ಪಂಚೆಯ ತುದಿಯಿಂದ ಒರೆಸಿದೆ.

ಗುರಿ ಅಭ್ಯಾಸದ ಮೈದಾನದಲ್ಲಿ ಪಕ್ಕದ ಮೇಜಿಗೆ ಎಂಬತ್ತರ ಆಸುಪಾಸಿನ ಅಜ್ಜ. ನನ್ನ ರೈಫಲ್ ನೋಡಿ ಎದ್ದು ನಿಂತರು. “ಅರವತ್ತನಾಲ್ಕಕ್ಕೆ ಮುಂಚಿನದೇ?” ಎಂದರು. ಹೌದೆಂದೆ. ಹಿಡಿಯನ್ನೊಮ್ಮೆ ಸವರಿ, ಮೂಗಿನ ಹತ್ತಿರ ತಂದು, “ಇದು ಯಾವ ಎಣ್ಣೆಯ ವಾಸನೆ?” ಎಂದು ಕೇಳಿದರು. ಶ್ರೀಗಂಧ ಎಂದು ಹೇಳಲಾಗದೆ ಮುಗುಳ್ನಕ್ಕೆ.

ಕಿವಿಗೆ ಮುಚ್ಚಳ ಹಾಕಿ ಕುಳಿತೆ. ತೋಟಾ ತುಂಬಲು ತೆರೆಯುವ ಅಗುಳಿ, ಅಂದರೆ ಬೋಲ್ಟ್, ಎತ್ತಿ ಹಿಂದಕ್ಕೆಳೆದರೆ ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ. ಹಿತ್ತಾಳೆಯ ತೋಟಾ ಬೆರಳಿನಷ್ಟುದ್ದ, ಹೊಸ ಚೊಂಬಿನ ಹೊಳಪು. ಮುಂದೆ ತಳ್ಳಿ ಮುಚ್ಚಿದೆ. ದುರ್ಬೀನಿನಲ್ಲಿ ಕಣ್ಣಿಟ್ಟರೆ ನೂರು ಗಜ ದೂರದ ಲೋಕವೆಲ್ಲ ಸಂಜೆಗೆಂಪು. ತುಪ್ಪ ಕುಂಕುಮವನ್ನು ಗಾಜಿನ ಉದ್ದಗಲಕ್ಕೂ ಸಮನಾಗಿ ಹಂಚಿತ್ತು. ಗುರಿಹಲಗೆಗಳು ಕಂಡವು, ಅವುಗಳ ಮೇಲಿನ ಸಂಖ್ಯೆಗಳು ಕಾಣಲಿಲ್ಲ. ಎದ್ದು ಒರೆಸುವಷ್ಟು ತಾಳ್ಮೆ ಮೂವತ್ತೆಂಟು ವರ್ಷದಲ್ಲಿ ಖರ್ಚಾಗಿ ಹೋಗಿತ್ತು. ಉಸಿರು ಹಿಡಿದು ಟ್ರಿಗರ್ ಒತ್ತಿದೆ.

ಹೆಗಲಿಗೆ ಬಿದ್ದದ್ದು ಎಮ್ಮೆಕರು ಮೂತಿಯಿಂದ ತಳ್ಳಿದಷ್ಟು ಮಾತ್ರ. ಸದ್ದು ಮಾತ್ರ ಕೊಪ್ಪದ ತನಕ ಕೇಳಿರಬೇಕು. ಎರಡನೆಯದು, ಮೂರನೆಯದು. ಸ್ವಿಫ್ಟ್ ನಳಿಗೆಯನ್ನು ಬೇಗ ಸವೆಸುತ್ತದೆ, ಬಿಸಿಯಾದಾಗ ಹೊಡೆಯಬಾರದು ಎಂದು ಓದಿದ್ದೆನಾದ್ದರಿಂದ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಲೋಕವನ್ನೇ ಗೆದ್ದವನಂತೆ ಕುಳಿತೆ.

ಮೇಲ್ವಿಚಾರಕರು ಎಲ್ಲರನ್ನೂ ನಿಲ್ಲಿಸಿ ಗುರಿ ನೋಡಿ ಬರಲು ಬಿಟ್ಟರು. ನನ್ನ ಕಾಗದ ಈಗ ತಾನೆ ಪೊಟ್ಟಣ ಬಿಚ್ಚಿದ ಹೊಸ ಅಂಗಿಯ ಹಾಗಿತ್ತು. ಒಂದು ತೂತಿಲ್ಲ. ಪಕ್ಕದಲ್ಲಿ ಅಜ್ಜ ತಮ್ಮದರ ಮುಂದೆ ನಿಂತು ಬೆರಳು ಮಡಚಿ ಎಣಿಸುತ್ತಿದ್ದರು. ಐದು ಹೊಡೆದಿದ್ದರು, ತೂತು ಎಂಟು. ಅದರಲ್ಲಿ ಮೂರು ಒಂದು ನಾಣ್ಯದಲ್ಲಿ ಮುಚ್ಚಿಹೋಗುವಷ್ಟು ಒತ್ತೊತ್ತಾಗಿದ್ದವು.

“ಇವು ನನ್ನವಲ್ಲ” ಎಂದರು. “ಇಷ್ಟು ಚೆನ್ನಾಗಿ ಹೊಡೆಯುವುದು ನಾನು ಬಿಟ್ಟು ಇಪ್ಪತ್ತು ವರ್ಷವಾಯಿತು.”

ಕ್ಷಮೆ ಕೇಳಬೇಕೋ ಸಹಿ ಹಾಕಿಕೊಡಬೇಕೋ ತಿಳಿಯಲಿಲ್ಲ. ಕುಂಕುಮದ ಕಥೆಯನ್ನು ಪೂರ್ತಿ ಹೇಳಿದೆ. ಅಜ್ಜ ನಗುತ್ತ ನಗುತ್ತ ಕಂಬ ಹಿಡಿದುಕೊಂಡರು. ಅವರ ರೈಫಲ್ ಯಾವುದೆಂದು ಕೇಳಿದೆ. .22-250! ಕಾರಿಗೆ ಓಡಿ ಸುಬ್ರಾಯನ ಪೆಟ್ಟಿಗೆ ತಂದು ಅವರ ಕೈಯಲ್ಲಿಟ್ಟೆ. ಹಾಳುಮಾಡಿದ ಒಂದು ಕಾಗದಕ್ಕೆ ಇಪ್ಪತ್ತು ತೋಟಾಗಳ ಪರಿಹಾರ ಪಡೆದವರು ಆ ಮೈದಾನದಲ್ಲಿ ಬೇರೆ ಯಾರೂ ಇರಲಾರರು. ನನ್ನ ಮೂರು ತೂತುಗಳಿದ್ದ ಭಾಗವನ್ನು ಅವರು ಚಾಕುವಿನಿಂದ ಕತ್ತರಿಸಿ ಕೊಟ್ಟರು. ಅದು ಈಗ ದೇವರ ಮನೆಯ ಪಕ್ಕದ ಗೋಡೆಯಲ್ಲಿದೆ.

ಮನೆಗೆ ಬಂದು ಷೆಡ್ಡಿನ ಕಡೆ ವೀರದೃಷ್ಟಿ ಬೀರಿದೆ. ಗ್ರೌಂಡ್‌ಹಾಗ್ ಇರಲಿಲ್ಲ. ಚಳಿಗಾಲ ಬರುತ್ತಿದ್ದಂತೆ ಅದು ಬಿಲದೊಳಗೆ ಮಲಗಿದರೆ ಏಳುವುದು ಫೆಬ್ರುವರಿಯ ಆಚೆಗೆ. ನಮ್ಮ ಅಲಸಂಡೆಯನ್ನೇ ತಿಂದು, ನಮ್ಮ ಷೆಡ್ಡಿನಡಿಯೇ, ನಿಶ್ಚಿಂತೆಯ ನಿದ್ದೆ. “ಎದ್ದ ಮೇಲೆ ಹೊಡೆಯಿರಿ” ಎಂದಳು ನನ್ನವಳು. ಆಗ ಬಾಯಿ ಬಿಡಲೇಬೇಕಾಯಿತು. ಜನವಾಸದ ಮನೆಯಿಂದ 150 ಗಜದೊಳಗೆ, ಆ ಮನೆಯವರ ಒಪ್ಪಿಗೆ ಇಲ್ಲದೆ, ಬೇಟೆಯಾಡುವಂತಿಲ್ಲ. ನಮ್ಮ ಹಿತ್ತಲಿನ ಅಗಲವೇ 20 ಗಜ, ಸುತ್ತ ಏಳು ಮನೆ.

“ಇದು ಕೊಳ್ಳುವ ಮೊದಲು ನಿಮಗೆ ಗೊತ್ತಿರಲಿಲ್ಲವೇ?”

ಗೊತ್ತಿತ್ತು. ಎರಡು ಜಡೆಯ ಹುಡುಗಿ ಅದನ್ನೂ ಹೇಳಿದ್ದಳು.

ಫೆಬ್ರುವರಿ 2ರಂದು ಟಿವಿಯಲ್ಲಿ ನಮ್ಮದೇ ರಾಜ್ಯದ ಪಂಕ್ಸಟಾನಿ ಊರಿನಲ್ಲಿ ಎತ್ತರದ ಕಪ್ಪು ಟೋಪಿಯ ಗಣ್ಯರು ಒಂದು ಗ್ರೌಂಡ್‌ಹಾಗನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಚಳಿಗಾಲ ಇನ್ನೆಷ್ಟು ದಿನ ಎಂದು ಅದರ ಬಾಯಿಂದ ಕೇಳುತ್ತಿದ್ದರು. 1887ರಿಂದ ನಡೆದು ಬಂದ ಉತ್ಸವವಂತೆ. ನನ್ನವಳು ಒಮ್ಮೆ ಟಿವಿ ನೋಡಿದಳು, ಒಮ್ಮೆ ರೈಫಲ್ ಇರುವ ಕಪಾಟು ನೋಡಿದಳು. ಏನೂ ಹೇಳದೆ ಒಗ್ಗರಣೆ ಹಾಕಲು ಎದ್ದು ಹೋದಳು.

ಜೂನಿನಲ್ಲಿ ಬಸಳೆ ಚಪ್ಪರಕ್ಕೆ ಹಬ್ಬಿತು. ಒಂದು ಬೆಳಗ್ಗೆ ಹಿತ್ತಲಿನಿಂದ ಗೆಜ್ಜೆಯ ಹಾಗೆ ಸದ್ದು. ಹೋಗಿ ನೋಡಿದರೆ, ಮತ್ತೆ ಮದ್ದು ತುಂಬಿಸಿ ಬಳಸಬಹುದೆಂದು ನಾನು ಡಬ್ಬಿಯಲ್ಲಿ ಜೋಪಾನ ಮಾಡಿದ್ದ ಖಾಲಿ ಕೋಶಗಳೆಲ್ಲ ಸೆಣಬಿನ ದಾರದಲ್ಲಿ ಚಪ್ಪರದ ಉದ್ದಕ್ಕೂ ನೇತಾಡುತ್ತಿದ್ದವು.

“ಗಾಳಿಗೆ ಸದ್ದಾದರೆ ಬರುವುದಿಲ್ಲ” ಎಂದಳು. “ನಿಮ್ಮ ಅಜ್ಜನೂ ಸದ್ದನ್ನಷ್ಟೇ ಅಲ್ಲವೇ ಮಾಡುತ್ತಿದ್ದದ್ದು?”

ಎರಡು ದಿನ ಅದು ಬರಲಿಲ್ಲ. ಮೂರನೆಯ ದಿನ ಕಾಫಿ ಹಿಡಿದು ಕಿಟಕಿಯಲ್ಲಿ ನಿಂತಿದ್ದೆ. ಷೆಡ್ಡಿನಡಿಯಿಂದ ಹೊರಬಂದ ಗ್ರೌಂಡ್‌ಹಾಗ್ ಹಿಂಗಾಲ ಮೇಲೆ ಎದ್ದು, ಒಂದು ಕೋಶವನ್ನು ಮೂಸಿತು, ಮುಂಗಾಲಿನಿಂದ ತಟ್ಟಿ ಸದ್ದು ಕೇಳಿತು, ಮತ್ತೊಮ್ಮೆ ತಟ್ಟಿತು. ಆಮೇಲೆ ಬಸಳೆಯ ಎಳೆಯ ಕುಡಿಯನ್ನು ಬಗ್ಗಿಸಿಕೊಂಡಿತು.