583ರ ಮನೆಯಲ್ಲಿ ಕೊಪ್ಪಳ

ಕೊಪ್ಪಳ ಜಿಲ್ಲೆ 1997ರಲ್ಲಿ ಬೇರೆಯಾದದ್ದು ರಾಯಚೂರಿನಿಂದ. ಆದರೆ ಕೊಪ್ಪಳದ ಪಿನ್ 583231, ಗಂಗಾವತಿಯದು 583227. ತವರು ರಾಯಚೂರಿನ 584 ಬಿಟ್ಟು ಬಳ್ಳಾರಿಯ 583ರ ಮನೆಯಲ್ಲಿ ಕೂತಿವೆ. ಹೊಸಪೇಟೆ 2021ರಲ್ಲಿ ಹೊಸ ಜಿಲ್ಲೆಯ ಕೇಂದ್ರವಾಗಿ ಮೆರೆದರೂ 583201 ಕದಲಲಿಲ್ಲ. ವಿಳಾಸದ ‘ತಾ॥, ಜಿ॥’ಗೆ ಸರ್ಕಾರದ ಗೆಜೆಟ್ ಬೇಕು, 1972ರಲ್ಲಿ ಹುಟ್ಟಿದ ಪಿನ್ನಿಗೆ ಟಪಾಲು ಚೀಲ ಎಲ್ಲಿ ಇಳಿಯುತ್ತದೆ ಎಂಬುದಷ್ಟೇ ಮುಖ್ಯ.

ಮೊದಲ ಮೂರು ಅಂಕಿ ಟಪಾಲು ವಿಂಗಡಿಸುವ ಸೀಮೆ, ಕೊನೆಯ ಮೂರು ಬಟವಾಡೆಯ ಅಂಚೆ ಕಚೇರಿ. ಒಂದೇ ಪಿನ್ನಿನಡಿ ಹತ್ತಾರು ಹಳ್ಳಿಗಳಿರುವುದು ಮಾಮೂಲು. ಪಿನ್ ಇದೆಯಲ್ಲ ಎಂದು ಊರ ಹೆಸರನ್ನು ಅರ್ಧ ಬರೆದರೆ ಕಾಗದ ಪಕ್ಕದೂರು ನೋಡಿಕೊಂಡು ಬರುತ್ತದೆ.

ಈ 583, 584 ಬ್ಯಾಂಕಿಗೂ ನುಗ್ಗಿವೆ. ಚೆಕ್ಕಿನ ತಳದ ಸಾಲು ನೋಡಿ: ಮೊದಲು ಆರಂಕಿಯ ಚೆಕ್ ನಂಬರು, ಪಕ್ಕದಲ್ಲೇ ಯಂತ್ರ ಓದುವ ಒಂಬತ್ತಂಕಿಯ ಎಂಐಸಿಆರ್ ಕೋಡು. ಅದರ ಮೊದಲ ಮೂರು ಊರಿನದು, ಹೆಚ್ಚಾಗಿ ಪಿನ್ನಿನಿಂದಲೇ ಎತ್ತಿಕೊಂಡದ್ದು. ನಡುವಿನ ಮೂರು ಬ್ಯಾಂಕಿನದು, ಕೊನೆಯ ಮೂರು ಶಾಖೆಯದು. ರಾಯಚೂರಿನ ಸ್ಟೇಟ್ ಬ್ಯಾಂಕ್ ಚೆಕ್ಕಾದರೆ 584, ಆಮೇಲೆ 002.

ಆನ್‌ಲೈನಿನಲ್ಲಿ ಹಣ ಕಳಿಸುವಾಗ ಬ್ಯಾಂಕು, ಶಾಖೆ ಗುರುತಿಸುವ ಐಎಫ್‌ಎಸ್‌ಸಿ ಕೋಡಿನ ಗತ್ತೇ ಬೇರೆ. ಒಟ್ಟು ಹನ್ನೊಂದು: ಬ್ಯಾಂಕಿನ ನಾಲ್ಕಕ್ಷರ, ಒಂದು ಸೊನ್ನೆ, ಶಾಖೆಯ ಆರು. ಐದನೆಯದು ಸೊನ್ನೆಯೇ; ಅಲ್ಲಿ ಇಂಗ್ಲಿಷಿನ ‘ಓ’ ಒತ್ತಿ, ಫಾರ್ಮು ತಗೊಳ್ಳುತ್ತಿಲ್ಲವೆಂದು ಸರ್ವರನ್ನು ಬೈಯುವವರೇ ಬಹಳ.

ಕೋಡಿಗೆ ನೆನಪೂ ಉಂಟು. ನಿಜಾಮರ ಸೀಮೆಯಾಗಿದ್ದ ರಾಯಚೂರು, ಕೊಪ್ಪಳಗಳಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನದೇ ಓಡಾಟ. 2017ರ ಏಪ್ರಿಲ್ 1ಕ್ಕೆ ಅದು ದೊಡ್ಡ ಸ್ಟೇಟ್ ಬ್ಯಾಂಕಿನಲ್ಲಿ ಕರಗಿತು, ಬೋರ್ಡು ಬದಲಾಯಿತು. ಆದರೂ ಆ ಶಾಖೆಗಳ ಕೋಡು ‘ಎಸ್‌ಬಿಐಎನ್’ ಆದಮೇಲೆ 0020 ಎಂದೇ ಸಾಗುತ್ತದೆ. ಮೈಸೂರು ಬ್ಯಾಂಕಿನ ಕಡೆಯವಕ್ಕೆ 0040. ಕೆನರಾದೊಳಗೆ ಸೇರಿದ ಸಿಂಡಿಕೇಟಿನದು ಶುದ್ಧ ಲೆಕ್ಕದ ಮಾತು: ‘ಎಸ್‌ವೈಎನ್‌ಬಿ’ ತೆಗೆದು ‘ಸಿಎನ್‌ಆರ್‌ಬಿ’ ಹಾಕಿ, ಶಾಖೆಯ ನಂಬರಿಗೆ ಹತ್ತು ಸಾವಿರ ಕೂಡಿಸಿದರು. 2021ರ ಜುಲೈಯಿಂದ ಹಳೆಯದು ನಡೆಯದು. ಟ್ರಂಕಿನ ಪಾಸ್‌ಬುಕ್ ತೆಗೆದು ಅದರ ಕೋಡನ್ನೇ ಅರ್ಜಿಗೆ ಬರೆದರೆ ಹಣ ಬರುವುದಿಲ್ಲ.

ಹಾಗಂತ ಕೋಡಿಗೇ ಹೆದರಬೇಕಿಲ್ಲ. ಬೇರೆ ಬ್ಯಾಂಕಿನ ಕೋಡು ಬಿದ್ದರೆ ಅಲ್ಲಿ ಆ ಖಾತೆಯೇ ಇರದೆ ನೆಫ್ಟ್ ಹಣ ಸಾಮಾನ್ಯವಾಗಿ ವಾಪಸು ಬರುತ್ತದೆ. ನಿಜವಾದ ಅಪಾಯ ಖಾತೆ ನಂಬರಿನದು. ಜಮೆ ಆಗುವುದು ನಂಬರು ನೋಡಿ, ಹೆಸರು ನೋಡಿ ಅಲ್ಲ. ಒಂದಂಕಿ ತಪ್ಪಿ ಆ ನಂಬರು ಇನ್ನೊಬ್ಬರದಾಗಿದ್ದರೆ ಹಣ ಅವರ ಪಾಲು, ಅಲೆದಾಟ ನಮ್ಮ ಪಾಲು. ಎರಡು ಸಲ ಬರೆಸುವುದು ಅದಕ್ಕೇ. ಪಾಸ್‌ಬುಕ್ಕಿನ ಝೆರಾಕ್ಸಿಗಿಂತ ಅಡ್ಡಗೆರೆ ಎಳೆದು ‘ಕ್ಯಾನ್ಸಲ್ಡ್’ ಎಂದು ಬರೆದ ಚೆಕ್ ಒಳ್ಳೆಯದು. ಎಲ್ಲ ಅಚ್ಚಾಗಿಯೇ ಇರುತ್ತದೆ. ಝೆರಾಕ್ಸಿನಲ್ಲಿ ಬ್ಯಾಂಕಿನ ಮೊಹರು ಬಂದು ಕೂರುವುದು ಸರಿಯಾಗಿ ಐಎಫ್‌ಎಸ್‌ಸಿಯ ಕೊನೆಯ ಆರರ ಮೇಲೇ.