ಅಸೀಮ್ ದಾಸ್‌ಗುಪ್ತ ಅವರನ್ನು ಇಷ್ಟು ಬೇಗ ಮರೆಯಬಾರದಿತ್ತು

2005ರ ಏಪ್ರಿಲ್‌ನಲ್ಲಿ ನಾನು ದಾವಣಗೆರೆಯ ಒಂದು ಪೇಂಟ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ವ್ಯಾಟ್, ಅಂದರೆ ಹಳೇ ಮಾರಾಟ ತೆರಿಗೆಯ ಬದಲು ಬಂದ ಮೌಲ್ಯವರ್ಧಿತ ತೆರಿಗೆ, ಆಗಷ್ಟೇ ಜಾರಿಯಾಗಿತ್ತು. "ಇನ್ಮೇಲೆ ವ್ಯಾಪಾರ ಮಾಡೋದಾ, ಲೆಕ್ಕ ಬರೀತಾ ಕೂರೋದಾ?" ಅಂತ ಸಾಹುಕಾರರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಹಳೇ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಸಾವಿರ ರೂಪಾಯಿಯ ಪೇಂಟ್ ತರುವಾಗ ಹನ್ನೆರಡೂವರೆ ಪರ್ಸೆಂಟಿನಂತೆ ನಾವು ಕೊಟ್ಟ ತೆರಿಗೆ 125. ಅದನ್ನು 1,200ಕ್ಕೆ ಮಾರಿದರೆ ಗಿರಾಕಿಯಿಂದ ಬರುವ ತೆರಿಗೆ 150. ಅದರಲ್ಲಿ ನಾವು ಮೊದಲೇ ಕೊಟ್ಟ 125 ಕಳೆದು ಸರ್ಕಾರಕ್ಕೆ ಕಟ್ಟೋದು ಬರೀ 25. ಎರಡು ಸಲ ಕೂಡಿ ಕಳೆದು ನೋಡಿ, "ಇಷ್ಟೇನಾ?" ಅಂದರು.

ಆ 25 ರೂಪಾಯಿಯ ಹಿಂದೆ ಒಬ್ಬರ ಐದು ವರ್ಷದ ದುಡಿಮೆ ಇತ್ತು. ಅವರು ಪಶ್ಚಿಮ ಬಂಗಾಳದ ಹಣಕಾಸು ಮಂತ್ರಿ ಅಸೀಮ್ ದಾಸ್‌ಗುಪ್ತ. 1987ರಿಂದ 2011ರವರೆಗೆ, 24 ವರ್ಷ, ಅದೇ ಖಾತೆ. ಅಮೆರಿಕದ ಎಂಐಟಿಯಲ್ಲಿ ಓದಿ ಬಂದ ಅರ್ಥಶಾಸ್ತ್ರದ ಮೇಷ್ಟ್ರು.

2000ದಲ್ಲಿ ವ್ಯಾಟ್ ತರೋಕೆ ಅಂತ ರಾಜ್ಯಗಳ ಹಣಕಾಸು ಮಂತ್ರಿಗಳ ಸಮಿತಿ ಆಯಿತು. ಮಾಡಿದವರು ಆಗಿನ ಕೇಂದ್ರ ಹಣಕಾಸು ಮಂತ್ರಿ, ಬಿಜೆಪಿಯ ಯಶವಂತ ಸಿನ್ಹಾ, ಅಧ್ಯಕ್ಷರಾಗಿ ಕೂರಿಸಿದ್ದು ಸಿಪಿಎಂನ ದಾಸ್‌ಗುಪ್ತ ಅವರನ್ನು! ಇವತ್ತು ಇದನ್ನು ಊಹಿಸೋಕಾಗುತ್ತಾ? ಆಗ ಒಂದೊಂದು ರಾಜ್ಯಕ್ಕೂ ಒಂದೊಂದು ದರ. ಪಕ್ಕದ ರಾಜ್ಯದ ಫ್ಯಾಕ್ಟರಿ ಸೆಳೆಯೋಕೆ ತೆರಿಗೆ ಇಳಿಸುವ ಪೈಪೋಟಿ ಬೇರೆ. ಆದಾಯ ಕಡಿಮೆಯಾದರೆ ಯಾರು ತುಂಬಿಕೊಡ್ತಾರೆ ಅನ್ನೋದೇ ಎಲ್ಲರ ಭಯ. ಕೊನೆಗೆ ಕೇಂದ್ರ ಮೊದಲ ವರ್ಷ ಪೂರ್ತಿ, ಎರಡನೇ ವರ್ಷ ಮುಕ್ಕಾಲು, ಮೂರನೇ ವರ್ಷ ಅರ್ಧ ನಷ್ಟ ತುಂಬಿಕೊಡೋದು ಅಂತಾಯಿತು. ಆದರೂ ಶುರುವಿನಲ್ಲಿ ಗುಜರಾತ್, ರಾಜಸ್ಥಾನ, ಮಧ್ಯಪ್ರದೇಶ ಬರಲಿಲ್ಲ. ವರ್ತಕರು ಬಂದ್ ಮಾಡಿದರು. ಉತ್ತರ ಪ್ರದೇಶ ಸೇರಿಕೊಂಡಿದ್ದು 2008ರಲ್ಲಿ. ಇದಕ್ಕೆ ಎಷ್ಟು ತಾಳ್ಮೆ ಬೇಕು ಹೇಳಿ. 2009ರಲ್ಲಿ ಜಿಎಸ್‌ಟಿಯ ಮೊದಲ ಚರ್ಚಾ ಪತ್ರ ಬಂದಿದ್ದೂ ಇದೇ ಸಮಿತಿಯಿಂದ.

ಅವರು ಕೈಯಿಟ್ಟಿದ್ದೆಲ್ಲ ಚಿನ್ನವಾಯಿತು ಅಂತ ನಾನು ಹೇಳಲ್ಲ. ಕೊರತೆ ಸೊನ್ನೆ ಅಂತ ತೋರಿಸುವ ಬಜೆಟ್‌ಗಳಿಗೆ ಅವರು ಹೆಸರಾಗಿದ್ದರು. ಆದರೆ ಅಧಿಕಾರ ಬಿಡುವಾಗ ಬಂಗಾಳದ ಮೇಲಿದ್ದ ಸಾಲ ಹೆಚ್ಚೂಕಡಿಮೆ 1.9 ಲಕ್ಷ ಕೋಟಿ. ದೇಶಕ್ಕೆ ತೆರಿಗೆ ಪಾಠ ಹೇಳಿದವರು ಮನೆಯ ಖಜಾನೆ ಗಟ್ಟಿ ಮಾಡಲಿಲ್ಲ ಅನ್ನೋದು ನನಗೆ ಇವತ್ತಿಗೂ ಬೇಜಾರು. ಹಾಗಂತ ಆ ಸಮಿತಿಯ ಕೆಲಸ ಸಣ್ಣದಾಗಲ್ಲ.

2011ರಲ್ಲಿ ಖರ್ದಾ ಕ್ಷೇತ್ರದಲ್ಲಿ ಅವರು ಸೋತರು. ಗೆದ್ದ ಅಮಿತ್ ಮಿತ್ರಾ ಅವರೇ ಬಂಗಾಳದ ಹಣಕಾಸು ಮಂತ್ರಿಯಾದರು. ಮುಂದೆ 2016ರಲ್ಲಿ ಜಿಎಸ್‌ಟಿ ಮಾತುಕತೆ ನಡೆಯುವಾಗ ಆ ಸಮಿತಿಯ ಅಧ್ಯಕ್ಷರ ಕುರ್ಚಿಯಲ್ಲೂ ಕೂತರು.